ಗಾಡಿ ಮಾತು: ರೇಸಿಂಗ್ ಪ್ಯಾಡ್ ಬಿಡಿ, ಮೊದಲು ಬ್ರೇಕ್ ಆಯಿಲ್ ಬದಲಿಸಿ

ಮಳೆಗಾಲ ಹತ್ತಿರ ಬಂತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ರೇಕಿನ ಬಗ್ಗೆಯೇ ಇವೆ. ಹಾಗಾಗಿ ಮೈಲೇಜು, ಎ.ಸಿ. ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು 2016ರ ವ್ಯಾಗನ್ಆರ್. ಅಮ್ಮನ ಚಿಕಿತ್ಸೆಗೆ ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬರುತ್ತೇವೆ. ಕಳೆದ ಸಲ ಐದು ಜನ ಇದ್ದೆವು, ಜೊತೆಗೆ ಲಗೇಜು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗತೊಡಗಿತು. ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಸರಿಹೋಯಿತು. ಗ್ಯಾರೇಜಿನವರು ಮುಂದೆ ರೇಸಿಂಗ್ ಪ್ಯಾಡ್ ಹಾಕಿಸಿ, ಹಿಂದಿನ ಡ್ರಮ್ ತೆಗೆದು ಡಿಸ್ಕ್ ಮಾಡಿಸಿ ಅನ್ನುತ್ತಾರೆ. ಮಾಡಿಸಲಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಎರಡೂ ಬೇಡ. ಆದರೆ ಇನ್ನೊಮ್ಮೆ ಘಾಟಿ ಇಳಿಯುವ ಮೊದಲು ಬ್ರೇಕ್ ಆಯಿಲ್ ಬದಲಿಸಲೇಬೇಕು. ಮುಂದಿನ ಸರ್ವಿಸಿನಲ್ಲಿ ನೋಡೋಣ ಅಂತ ದಯವಿಟ್ಟು ಇಡಬೇಡಿ.

ಪೆಡಲ್ ಮೆತ್ತಗಾಯಿತು, ತಣ್ಣಗಾದ ಮೇಲೆ ಸರಿಹೋಯಿತು ಅಂತ ಬರೆದಿದ್ದೀರಲ್ಲ, ರೋಗ ಅಲ್ಲೇ ಗೊತ್ತಾಗುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮಾತ್ರ ಮಿತಿಮೀರಿ ಕಾದಿದ್ದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಪೆಡಲ್ಲೇ ಕೆಳಗೆ ಇಳಿದರೆ ಆಯಿಲ್ ಕುದಿಯುತ್ತಿದೆ ಅಂತ ಅರ್ಥ. ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರಿಕೊಳ್ಳುವ ಗುಣ ಇದೆ. ಡಾಟ್ 3, ಡಾಟ್ 4 ಅನ್ನೋದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ಅದಕ್ಕೆ ಶೇ 3.7ರಷ್ಟು ನೀರು ಸೇರಿದರೆ 140 ಡಿಗ್ರಿ ತಡೆದುಕೊಂಡರೆ ಸಾಕು ಅಂತ ಅದೇ ನಿಯಮ ಹೇಳುತ್ತದೆ. ಡಾಟ್ 4 ಆದರೆ 230 ಮತ್ತು 155. ನೋಡಿ, ಒಂದಿಷ್ಟು ನೀರಿಗೆ ಎಷ್ಟು ದೊಡ್ಡ ವ್ಯತ್ಯಾಸ. ಕುದ್ದಾಗ ಲೈನಿನ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆಯಿಲನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು, ಹಾಗಾಗಿ ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿದುಹೋಗಿ ಪ್ಯಾಡ್ ತನಕ ಮುಟ್ಟುವುದೇ ಇಲ್ಲ. ತಣ್ಣಗಾದರೆ ಗುಳ್ಳೆ ಮಾಯ. ಮುಂದಿನ ಘಾಟಿಯಲ್ಲಿ ಮತ್ತೆ ಬರುತ್ತದೆ.

ಮಲೆನಾಡಿನ ತೇವದಲ್ಲೇ ನಿಲ್ಲುವ ಗಾಡಿ ನಿಮ್ಮದು. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಬ್ರೇಕ್ ಆಯಿಲ್ ಕೇಳುವುದಿಲ್ಲ, ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಗಾಡಿ ಕಡಿಮೆ ಓಡಿದ್ದರೂ ಅಷ್ಟೇ. ಯಾವ ಆಯಿಲ್ ಅನ್ನೋದು ಬಾನೆಟ್ ಒಳಗಿನ ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ. ಡಾಟ್ 3 ಅಂತ ಇದ್ದಲ್ಲಿ ಡಾಟ್ 4 ಹಾಕಬಹುದು, ಘಾಟಿ ಓಡಾಟಕ್ಕೆ ಅದೇ ಒಳ್ಳೆಯದು. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್ ಜಾತಿ, ಇದರ ಜೊತೆ ಸೇರುವುದಿಲ್ಲ. ಇನ್ನೊಂದು, ಡಬ್ಬಿಯಲ್ಲಿರುವ ಆಯಿಲ್ ಎಳೆದು ಹೊಸದು ಸುರಿದು ಮುಗಿಯಿತು ಅನ್ನುವವರಿದ್ದಾರೆ. ಕುದಿಯುವ ಆಯಿಲ್ ಇರುವುದು ಚಕ್ರದ ಹತ್ತಿರ! ನಾಲ್ಕೂ ಚಕ್ರದ ಬ್ಲೀಡ್ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಸಡಿಲಿಸಿ, ಕಂದು ಬಣ್ಣದ ಹಳೇ ಆಯಿಲ್ ಹೋಗಿ ತಿಳಿಯಾದ ಹೊಸದು ಬರುವ ತನಕ ಬ್ಲೀಡ್ ಮಾಡಿಸಿ. ನೀವೇ ಪಕ್ಕದಲ್ಲಿ ನಿಂತು ನೋಡಿ. ಹಾಗೇ ಮುಂದಿನ ಪ್ಯಾಡ್ ಬಿಚ್ಚಿಸಿ, ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಆ ಪ್ಯಾಡ್ ಸುಟ್ಟಿದೆ, ಬದಲಿಸಿಬಿಡಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಸಲೀಸಾಗಿ ಜಾರುತ್ತದಾ ಅಂತಲೂ ನೋಡಲಿ.

ರೇಸಿಂಗ್ ಪ್ಯಾಡ್ ಯಾಕೆ ಬೇಡ ಅಂದರೆ, ಅವು ಚೆನ್ನಾಗಿ ಕಾದ ಮೇಲೆ ಹಿಡಿಯುವಂಥವು. ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ತಿರುವಿನಲ್ಲಿ ಕರು ಅಡ್ಡ ಬಂದರೆ ಸಾಮಾನ್ಯ ಪ್ಯಾಡಿನಷ್ಟೂ ಹಿಡಿಯುವುದಿಲ್ಲ. ಹಿಂದೆ ಡಿಸ್ಕ್ ಮಾಡಿಸುವುದು ಅದಕ್ಕಿಂತ ಅಪಾಯ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚು ಪಾಲು ಮುಂದಿನ ಚಕ್ರಗಳದ್ದೇ. ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಲೆಕ್ಕ ಹಾಕಿಯೇ ಕಂಪನಿಯವರು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರದತ್ತ ತಳ್ಳುವ ಭಾಗ), ಬೂಸ್ಟರ್ (ಕಾಲಿನ ಬಲ ಹೆಚ್ಚಿಸುವ ಭಾಗ), ಡ್ರಮ್ ಎಲ್ಲ ಕೂರಿಸಿರುತ್ತಾರೆ. ಆ ಲೆಕ್ಕ ಕೆಡಿಸಿ ಹಿಂದಿನ ಬ್ರೇಕ್ ಜಾಸ್ತಿ ಹಿಡಿಯುವ ಹಾಗಾದರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರ್ರನೆ ತಿರುಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಇಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ, ನಾಳೆ ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು.

ಇನ್ನು ಇಳಿಯುವ ರೀತಿ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಅಂತ ಹಳೇ ಡ್ರೈವರುಗಳು ಹೇಳುವುದು ಸರಿಯಾದ ಮಾತು. ಎರಡನೇ ಗೇರಿನಲ್ಲಿ ಬಿಡಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಪೆಡಲ್ ಮೇಲೆ ಕಾಲಿಟ್ಟೇ ಇಳಿಯಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ, ಬ್ರೇಕಿಗೆ ಉಸಿರಾಡಲು ಸಮಯ ಸಿಗಲಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಎಂಜಿನ್ ಆಫ್ ಮಾಡುವುದು ಯಾವತ್ತೂ ಬೇಡ, ಎಂಜಿನ್ ನಿಂತರೆ ಬೂಸ್ಟರಿನ ಸಹಾಯ ಒಂದೆರಡು ಸಲ ಪೆಡಲ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಹಾಗೂ ಪೆಡಲ್ ಮೆತ್ತಗಾದರೆ ಗಾಬರಿಯಾಗದೆ ಪಟಪಟ ಅಂತ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿಕೊಂಡೇ ನಿಧಾನವಾಗಿ ಎಳೆಯಿರಿ. ನಿಂತ ಮೇಲೆ ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ. ತಾನಾಗಿ ಆರಲಿ.

ಪ್ರಶ್ನೆ: ಬೆಳಿಗ್ಗೆ ಗಾಡಿ ತೆಗೆದಾಗ ಬ್ರೇಕ್ ಕರ್ ಅನ್ನುತ್ತದೆ, ಆಮೇಲೆ ಸದ್ದಿಲ್ಲ. ಪ್ಯಾಡ್ ಹೋಗಿದೆಯಾ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ರಾತ್ರಿಯ ಇಬ್ಬನಿಗೋ ಗಾಡಿ ತೊಳೆದ ನೀರಿಗೋ ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಕಟ್ಟಿರುತ್ತದೆ, ನಾಲ್ಕೈದು ಸಲ ಬ್ರೇಕ್ ಹಾಕಿದರೆ ಸವೆದು ಹೋಗುತ್ತದೆ. ಇಡೀ ದಿನ ಕೀಂ ಅನ್ನುತ್ತಿದ್ದರೆ ಪ್ಯಾಡ್ ಮುಗಿಯುತ್ತಾ ಬಂದಿದೆ, ಅದನ್ನು ತಿಳಿಸಲೆಂದೇ ಎಷ್ಟೋ ಪ್ಯಾಡಿನಲ್ಲಿ ಸಣ್ಣ ತಗಡು ಇಟ್ಟಿರುತ್ತಾರೆ. ಪ್ಯಾಡಿನ ಸವೆಯುವ ಭಾಗ ಮೂರು ಮಿಲಿಮೀಟರಿಗೆ ಬಂದರೆ ಬದಲಿಸಿ.

ಪ್ರಶ್ನೆ: ನನಗೆ ಮೆಕ್ಯಾನಿಕ್ ಕೆಲಸ ಏನೂ ಗೊತ್ತಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದು ನಾನೇ. ಮನೆಯಲ್ಲೇ ಬ್ರೇಕ್ ಪರೀಕ್ಷೆ ಮಾಡಿಕೊಳ್ಳಬಹುದಾ?
– ಓದುಗರು, ಹಾಸನ

ಉತ್ತರ: ಖಂಡಿತ ಮಾಡಬಹುದು, ನಿಮ್ಮ ಹಾಗೆ ಎಲ್ಲರೂ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಎಂಜಿನ್ ಆಫ್ ಇರುವಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಅದು ಗಟ್ಟಿಯಾಗುತ್ತದೆ. ಕಾಲು ಅಲ್ಲೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಚೆನ್ನಾಗಿದೆ. ಕದಲದೆ ನಿಂತರೆ ಬೂಸ್ಟರ್ ಅಥವಾ ಅದರ ಪೈಪಿನಲ್ಲಿ ತೊಂದರೆ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗೆ ಹೋಗುತ್ತಲೇ ಇದ್ದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ ಅಥವಾ ಎಲ್ಲೋ ಲೀಕ್ ಇದೆ, ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ.

ಬಾನೆಟ್ ತೆಗೆದರೆ ಬಿಳಿ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ, ಅದರ ಮೇಲೆ ಮ್ಯಾಕ್ಸ್, ಮಿನ್ ಅಂತ ಎರಡು ಗೆರೆ. ಪ್ಯಾಡ್ ಸವೆದ ಹಾಗೆ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ. ಹಾಗಾಗಿ ಇಳಿದ ತಕ್ಷಣ ಆಯಿಲ್ ಸುರಿಸಿಕೊಂಡು ಬರಬೇಡಿ, ಯಾಕೆ ಇಳಿಯಿತು ಅಂತ ಕೇಳಿ, ಪ್ಯಾಡ್ ನೋಡಿಸಿ. ಚಕ್ರದ ಒಳಬದಿ ಒದ್ದೆಯಾಗಿದೆಯಾ ಅಂತಲೂ ಕಣ್ಣಾಡಿಸಿ. ಇನ್ನೊಂದು ಮುಖ್ಯ ವಿಷಯ, ಡ್ರೈವರ್ ಸೀಟಿನ ಹತ್ತಿರ ಮಕ್ಕಳ ನೀರಿನ ಬಾಟಲಿ ಬಿದ್ದಿರಬಾರದು. ಉರುಳಿ ಪೆಡಲ್ ಕೆಳಗೆ ಸೇರಿದರೆ ಎಂಥ ಬ್ರೇಕೂ ಒತ್ತಲು ಬರುವುದಿಲ್ಲ. ಒಂದರ ಮೇಲೊಂದು ಮ್ಯಾಟ್ ಹಾಕುವುದೂ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಗಾಡಿ ನಿಲ್ಲಿಸಿ ಊರಿಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಚಕ್ರ ತಿರುಗುತ್ತಲೇ ಇಲ್ಲ.
– ಓದುಗರು, ಕುಂದಾಪುರ

ಉತ್ತರ: ಹ್ಯಾಂಡ್ ಬ್ರೇಕ್ ಎಳೆದು ಹೋಗಿದ್ದೀರಿ ಅಲ್ವಾ? ಕರಾವಳಿಯ ತೇವಕ್ಕೆ ಶೂ (ಡ್ರಮ್ಮಿನ ಒಳಗೆ ಒತ್ತಿ ಹಿಡಿಯುವ ಭಾಗ) ಡ್ರಮ್ಮಿಗೆ ಅಂಟಿದೆ. ಬಿಡಿಸಲು ಎಂಜಿನ್ ರೇಸ್ ಮಾಡಿ ಎಳೆದಾಡಬೇಡಿ, ಶೂ ಮೇಲಿನ ಲೈನರ್ ಕಿತ್ತು ಬರಬಹುದು. ಮೆಕ್ಯಾನಿಕ್ ಕರೆಸಿ, ಡ್ರಮ್ ಮೇಲೆ ಮೆಲ್ಲಗೆ ತಟ್ಟಿ ಬಿಡಿಸಿ ಒಳಗೆ ಕ್ಲೀನ್ ಮಾಡಲಿ. ಆ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಬೇಡ, ಉಸಿರಿಗೆ ಕೆಟ್ಟದ್ದು, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಮುಂದಿನ ಸಲ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಹೋಗಿ.

ಪ್ರಶ್ನೆ: ತುಮಕೂರು ರಸ್ತೆಯಲ್ಲಿ ಎಂಬತ್ತರ ಮೇಲೆ ಬ್ರೇಕ್ ಹಾಕಿದರೆ ಸ್ಟೇರಿಂಗ್ ನಡುಗುತ್ತದೆ. ಡಿಸ್ಕ್ ಎರಡೂ ಬದಲಿಸಬೇಕಂತೆ.
– ಓದುಗರು, ಬೆಂಗಳೂರು

ಉತ್ತರ: ಬದಲಿಸಬೇಕಾಗಿ ಬರಬಹುದು, ಆದರೆ ಅಳತೆ ಮಾಡದೆ ಹೇಳಿದರೆ ಒಪ್ಪಬೇಡಿ. ಡಿಸ್ಕಿನ ದಪ್ಪ ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ ಆದಾಗ ಹೀಗೆ ನಡುಗುತ್ತದೆ. ಎಷ್ಟು ತೆಳ್ಳಗಾಗುವ ತನಕ ಬಳಸಬಹುದು ಅಂತ ಬಹಳಷ್ಟು ಡಿಸ್ಕಿನ ಮೇಲೇ ಕೆತ್ತಿರುತ್ತಾರೆ. ಮೈಕ್ರೋಮೀಟರಿನಲ್ಲಿ ಅಳೆಸಿ. ಸಾಕಷ್ಟು ದಪ್ಪ ಇದ್ದರೆ ಲೇತಿಗೆ ಕೊಟ್ಟು ಸಮ ಮಾಡಿಸಬಹುದು. ಡಿಸ್ಕ್ ಕೂರುವ ಹಬ್ ಮೇಲೆ ತುಕ್ಕು ಇದ್ದರೂ ನಡುಕ ಬರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಗನ್ ಹಿಡಿದು ನಟ್ ವಿಪರೀತ ಬಿಗಿದರೂ ಬರುತ್ತದೆ. ಲೋಯರ್ ಆರ್ಮ್ ಬುಷ್ (ಮುಂದಿನ ಚಕ್ರ ಹಿಡಿದಿರುವ ತೋಳಿನ ರಬ್ಬರ್) ಹರಿದಿದ್ದರೆ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ, ಅದನ್ನೂ ನೋಡಿಸಿ.

ಪ್ರಶ್ನೆ: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪ್ಯಾಡ್ ಅಗ್ಗಕ್ಕೆ ಸಿಗುತ್ತದೆ. ತರಬಹುದಾ?
– ಓದುಗರು, ರಾಮನಗರ

ಉತ್ತರ: ಅಲ್ಲಿ ಒಳ್ಳೆಯ ಮಾಲೂ ಇದೆ, ನಕಲಿಯೂ ಇದೆ. ಬಾಷ್, ರಾಣೆ ಇಂಥ ಹೆಸರಾಂತ ಕಂಪನಿಯದ್ದು ತನ್ನಿ, ಬಿಲ್ ಕೇಳಿ, ಬೆಲೆಯ ಸ್ಟಿಕ್ಕರ್ ಮತ್ತು ತಯಾರಾದ ತಿಂಗಳು ಪೊಟ್ಟಣದ ಮೇಲೆ ಇದೆಯಾ ನೋಡಿ. ಬಿಲ್ ಕೊಡಲ್ಲ ಅಂದರೆ ಎದ್ದು ಬನ್ನಿ. ಒಂದು ಬದಿಗೆ ಮಾತ್ರ ಹಾಕಬೇಡಿ, ಗಾಡಿ ಎಳೆಯುತ್ತದೆ, ಎರಡೂ ಬದಿ ಒಟ್ಟಿಗೆ ಬದಲಿಸಿ. ಹೊಸ ಪ್ಯಾಡ್ ಕೂತುಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು, ಅಲ್ಲಿಯ ತನಕ ನಿಧಾನ.

ಪ್ರಶ್ನೆ: 14 ಇಂಚಿನ ಚಕ್ರ ತೆಗೆದು 16 ಇಂಚಿನ ಅಲಾಯ್ ಹಾಕಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ.
– ಓದುಗರು, ಮೈಸೂರು

ಉತ್ತರ: ಚಕ್ರ ದೊಡ್ಡದಾದ ಮಾತ್ರಕ್ಕೆ ಬ್ರೇಕ್ ದೊಡ್ಡದಾಗುವುದಿಲ್ಲ. ಭಾರದ ಚಕ್ರವಾದರೆ ಅದನ್ನು ನಿಲ್ಲಿಸಲು ಅದೇ ಬ್ರೇಕು ಜಾಸ್ತಿ ದುಡಿಯಬೇಕು. ಆ ದುಡ್ಡಿನಲ್ಲಿ ಕಂಪನಿ ಹೇಳಿದ ಅಳತೆಯ ನಾಲ್ಕು ಒಳ್ಳೆಯ ಟೈರ್ ಹಾಕಿಸಿ. ಕೊನೆಗೆ ರಸ್ತೆ ಹಿಡಿಯುವುದು ಟೈರೇ, ಗಾಡಿಗೆ ಇದಕ್ಕಿಂತ ಒಳ್ಳೆಯ ಅಪ್‌ಗ್ರೇಡ್ ನಾನು ಕಂಡಿಲ್ಲ. ಟೈರಿನ ಬದಿಯಲ್ಲಿ DOT ಅಂತ ಶುರುವಾಗುವ ಅಕ್ಷರಗಳ ಸಾಲಿನ (ಇದಕ್ಕೂ ಬ್ರೇಕ್ ಆಯಿಲಿನ ದರ್ಜೆಗೂ ಸಂಬಂಧವಿಲ್ಲ) ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3519 ಅಂತ ಇದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಬಟನ್ (ಟೈರಿನ ಮೇಲಿನ ಉಬ್ಬು ಕಟ್ಟುಗಳು) ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ತೆಗೆದುಬಿಡಿ. ಬಟನ್ ಆಳ 1.6 ಮಿಲಿಮೀಟರಿಗೆ ಇಳಿಯುವ ತನಕ ಕಾಯಬೇಡಿ, ಮಳೆಯಲ್ಲಿ ಅದಕ್ಕೆ ಮೊದಲೇ ಜಾರಲು ಶುರುವಾಗುತ್ತದೆ.

ಪ್ರಶ್ನೆ: ಜೋರು ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಪೆಡಲ್ ಗಡಗಡ ನಡುಗಿತು. ಹೆದರಿ ಕಾಲು ತೆಗೆದೆ. ಕೆಟ್ಟಿದೆಯಾ?
– ಓದುಗರು, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ. ಅದು ಎಬಿಎಸ್ ಕೆಲಸ ಮಾಡುವ ರೀತಿ. ಚಕ್ರ ಲಾಕ್ ಆಗದ ಹಾಗೆ ಸೆಕೆಂಡಿಗೆ ಎಷ್ಟೋ ಸಲ ಬ್ರೇಕ್ ಬಿಟ್ಟು ಹಿಡಿಯುತ್ತದೆ, ಆ ನಡುಕ ಕಾಲಿಗೆ ತಾಗುತ್ತದೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಇದು ಕಡ್ಡಾಯ, ಆದರೆ ನಡುಗಿದಾಗ ಏನು ಮಾಡಬೇಕು ಅಂತ ಶೋರೂಮಿನಲ್ಲಿ ಹೇಳಿಕೊಡುವವರು ಕಡಿಮೆ. ಕಾಲು ತೆಗೆಯಬೇಡಿ, ಪಂಪ್ ಮಾಡಬೇಡಿ (ಅದು ಪೆಡಲ್ ಮೆತ್ತಗಾದಾಗ ಮಾತ್ರ), ಪೂರ್ತಿ ಒತ್ತಿ ಹಿಡಿದೇ ಎಲ್ಲಿ ಜಾಗ ಇದೆಯೋ ಅಲ್ಲಿಗೆ ಸ್ಟೇರಿಂಗ್ ತಿರುಗಿಸಿ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಮಾತ್ರ ಉರಿಯುತ್ತಿದ್ದರೆ ಮಾಮೂಲಿ ಬ್ರೇಕ್ ಇರುತ್ತದೆ, ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಜೊತೆಗೆ ಕೆಂಪು ಬ್ರೇಕ್ ದೀಪವೂ ಬಂದು, ಹ್ಯಾಂಡ್ ಬ್ರೇಕ್ ಬಿಟ್ಟರೂ ಆರದಿದ್ದರೆ ಅಲ್ಲೇ ನಿಲ್ಲಿಸಿ ಟೋ ಮಾಡಿಸಿ. ಒಂದು ಭಾನುವಾರ ಬೆಳಿಗ್ಗೆ ಯಾರೂ ಇಲ್ಲದ ದೊಡ್ಡ ಮೈದಾನಕ್ಕೆ ಹೋಗಿ, ಮೂವತ್ತು ನಲವತ್ತರ ವೇಗದಲ್ಲಿ ಬೇಕಂತಲೇ ಪೂರ್ತಿ ಬ್ರೇಕ್ ಒತ್ತಿ ನೋಡಿ. ಆ ನಡುಕ ಕಾಲಿಗೆ ಒಮ್ಮೆ ಪರಿಚಯವಾದರೆ ಮುಂದಿನ ಸಲ ಹೆದರಿಕೆ ಆಗುವುದಿಲ್ಲ. ಮನೆಯಲ್ಲಿ ಗಾಡಿ ಓಡಿಸುವ ಉಳಿದವರನ್ನೂ ಕರೆದುಕೊಂಡು ಹೋಗಿ, ಅವರ ಕೈಯಲ್ಲೂ ಮಾಡಿಸಿ.