ಸ್ಕ್ರೀನ್‌ಶಾಟ್ ನಂಬಿ ಸ್ಟಿಲ್ಸ್ ಬಿಡಬ್ಯಾಡ ತಮ್ಮಾ

ತಮ್ಮಾ, ಐಹೊಳಿ ಕಡೆ ಶಾರ್ಟ್ ಫಿಲ್ಮ್ ಮಾಡಾಕತ್ತೀವಿ, ಸ್ಟಿಲ್ಸ್‌ಗೆ, ಅಂದ್ರ ಸೆಟ್‌ದಾಗ ಬ್ಯಾರೆ ಕ್ಯಾಮೆರಾದಾಗ ತಗಿಯೂ ಫೋಟೋಕ್ಕ, ಅಂತ ಬ್ಯಾರೆ ಮನಷ್ಯಾ ಬ್ಯಾಡ, ಪೋಸ್ಟರ್‌ಗೆ ಫುಟೇಜ್‌ದಾಗಿಂದನ ಫ್ರೇಮ್ ತಗದ್ರಾತು ಅಂತ ಬರದಿಯಲ್ಲ, ದಯವಿಟ್ಟು ಹಂಗ ಮಾಡಬ್ಯಾಡ. ನಮ್ಮ ಟೀಮೂ ಇದನ್ನ ಮಾಡಿ ಕೈ ಸುಟ್ಕೊಂಡೈತಿ.

ಸೆಕೆಂಡಿಗೆ 24 ಫ್ರೇಮ್‌ಗೆ ಶಟರ್ 1/50 ಸೆಕೆಂಡ್ ಇಟ್ಟಿರ್ತೀರಿ, ಅಲುಗಾಡಿದ್ದು ಹರಡಿದಂಗ ಬರೂ ಆ ಮೋಷನ್ ಬ್ಲರ್ ಓಡೂ ಮುಂದ ಚಂದ, ನಿಲ್ಲಿಸಿ ನೋಡಿದ್ರ ಮಸಕು. ನಮ್ಮ ಪಿಚ್ಚರ್‌ದಾಗ ಅವ್ವನ ಪಾರ್ಟ್ ಮಾಡಿದಾಕಿ ರೊಟ್ಟಿ ಬಡಿಯೂದು ಬಿಟ್ಟು ಮಗನ ಕಡೆ ಹೊಳ್ಳಿ ನೋಡೂ ಶಾಟ್ ಇತ್ತು. ಪೋಸ್ಟರ್‌ಗೆ ಅದ ಬೇಕಂತ ಒಂದೊಂದ ಫ್ರೇಮ್ ಸರಿಸಿ ನೋಡಿದ್ವಿ. ಮುಖ ಶಾರ್ಪ್ ಇದ್ದಲ್ಲೆ ಕಣ್ಣು ಅರ್ಧ ಮುಚ್ಚಿದ್ದು, ಕಣ್ಣು ತೆರದಲ್ಲೆ ಮುಖ ಅಳಿಸಿದಂಗ, ಹಿಟ್ಟು ಹತ್ತಿದ ಕೈ ಅಂತೂ ಬರೇ ಬಿಳಿ ಗೆರಿ. ಅದರಾಗ 4ಕೆ ಅಂದ್ರೂ ಒಂದ ಫ್ರೇಮ್ ಸುಮಾರು 8 ಮೆಗಾಪಿಕ್ಸೆಲ್, ಅಡ್ಡದ್ದನ್ನ ಉದ್ದ ಪೋಸ್ಟರ್‌ಗೆ ಕತ್ತರಿಸಿದ್ರ ಉಳಿಯೂದು 3, ಫ್ಲೆಕ್ಸ್ ಹಾಕ್ಸಿದ್ರ ಒಡದ ಕಾಣ್ತೈತಿ. ಕಡೀಕ ಆಕಿನ್ನ ಮತ್ತ ಕರಸಿ ಒಲಿ ಮುಂದ ಕುಂದ್ರಿಸಿ ತಗದ್ವಿ, ಎಲ್ಲಾ ಬಂತು, ಆ ನೋಟ ಬರಲಿಲ್ಲ.

ಈಗ ನಾ ಮಾಡೂದು ಒಂದ. ಡೈರೆಕ್ಟರ್ 'ಕಟ್, ಓಕೆ' ಅಂದಕೂಡ್ಲೆ 'ಸ್ಟಿಲ್' ಅಂತ ಕೂಗತೀನಿ, ಲೈಟ್ ಆರಿಸೂದ್ರಾಗ, ಆರ್ಟಿಸ್ಟ್ ಪಾತ್ರದಿಂದ ಹೊರಗ ಬರೂದ್ರಾಗ ತಗದು ಮುಗಸಬೇಕು, ಅರ್ಧ ನಿಮಿಷ ಸಾಕು. ಇದನ್ನ ಮೊದಲ ದಿನಾನ ಡೈರೆಕ್ಟರ್ ಕೂಡ ಮಾತಾಡಿ ಇಟ್ಕೋ, ಇಲ್ಲಂದ್ರ ಯಾರೂ ನಿಂದ್ರಂಗಿಲ್ಲ. ಟೇಕ್ ನಡದಾಗ ತಗಿಯೂದಿದ್ರ ಸೈಲೆಂಟ್ ಶಟರ್ ಬೇಕ ಬೇಕು, ಸಿಂಕ್ ಸೌಂಡ್ (ಸೆಟ್‌ದಾಗನ ದನಿ ರೆಕಾರ್ಡ್ ಮಾಡೂದು) ಇದ್ರ ಡಿಎಸ್‌ಎಲ್‌ಆರ್ ಚೀಲದಾಗ ಇರ್ಲಿ, ಅದರ ಒಳಗಿನ ಕನ್ನಡಿ ಟಕ್ ಅಂತೈತಿ, ಅದನ್ನ ರಿಹರ್ಸಲ್‌ದಾಗ ತಗಿ. ಸೈಲೆಂಟ್‌ದಾಗ ಎಲ್‌ಇಡಿ ಕೆಳಗ ಪಟ್ಟಿ ಪಟ್ಟಿ ಬರ್ತಾವು, 1/50 ಇಲ್ಲಾ 1/100 ಇಟ್ಟು ನೋಡು, ಅಗ್ಗದ ಲೈಟ್ ಆದ್ರ ಅದಕ್ಕೂ ಹೋಗಂಗಿಲ್ಲ, ಮೊದಲ ಟೆಸ್ಟ್ ಮಾಡ್ಕೋ. ಆರ್ಟಿಸ್ಟ್ ನೋಡೂ ದಿಕ್ಕಿನ್ಯಾಗ ಮಾತ್ರ ನಿಂದ್ರಬ್ಯಾಡ, ಅವರ ಗಮನ ಹೋಗ್ತೈತಿ. ಸೋನಿ ಮೇಲೋ ಕ್ಯಾನನ್ ಮೇಲೋ ಅಂತ ಇಲ್ಲೆ ದಿನಾ ಜಗಳಾ ಮಾಡ್ತೀರಿ, ಸೆಟ್‌ಗೆ ಯಾವ ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಆದ್ರೂ ನಡೀತೈತಿ, ಕ್ಯಾಮೆರಾ ಕೂಡ ಬಂದ ಆ ಕಿಟ್ ಲೆನ್ಸ್ ತಗದಿಟ್ಟು 85 ಎಂಎಂ ಎಫ್ 1.8 ಲೆನ್ಸ್ ಹಾಕ್ರಿ ಮೊದಲ.

ಸ್ಟಿಲ್ಸ್ ಅಂದ್ರ ಬರೇ ಪೋಸ್ಟರ್ ಅಲ್ಲ. ಸೀನ್ ಮುಗದ ಮ್ಯಾಲ ಕುಂಕುಮ, ಬಳಿ, ಸೆರಗು, ರುಮಾಲಿನ ಸುತ್ತು ಎಲ್ಲಾ ಹತ್ತರದಿಂದ ತಗದಿಡು, ವಾರ ಬಿಟ್ಟು ಅದ ಸೀನ್ ಮುಂದುವರಸೂ ಮುಂದ ಕಂಟಿನ್ಯೂಟಿಗೆ ಅದ ಆಧಾರ. ಕನ್ನಡದ ಮೊದಲ ಟಾಕಿ (ಮಾತಿನ ಪಿಚ್ಚರ್) 'ಸತಿ ಸುಲೋಚನ' ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರದಾಗ ಶೂಟ್ ಆಗಿ 1934ರಾಗ ಬಂತು, ಇವತ್ತ ಅದರ ಪ್ರಿಂಟ್ ಇಲ್ಲ, ಕಣ್ಣಿಗೆ ಕಾಣಾಕ ಉಳದದ್ದು ಒಂದಷ್ಟು ಫೋಟೋ ಅಷ್ಟ. ಅದಕ್ಕ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಎರಡ ಕಡೆ ಇಡು, ಕಾರ್ಡ್ ಅಲ್ಲೇ ಖಾಲಿ ಮಾಡಬ್ಯಾಡ.

ಹಾಂ, ಐಹೊಳಿ ಗುಡಿ ಒಳಗ ಶೂಟ್ ಇದ್ರ ಪುರಾತತ್ವ ಇಲಾಖೆ ಪರ್ಮಿಶನ್ ಮೊದಲ ತಗೋ, ಆ ಅರ್ಜಿಯೊಳಗ ಸ್ಟಿಲ್ ಕ್ಯಾಮೆರಾನೂ ಬರಸು. ಮತ್ತ ಪೋಸ್ಟರ್ ಮಾಡಾವಂಗ ಫೋಟೋನ ವಾಟ್ಸಾಪ್‌ನ್ಯಾಗ ಸುಮ್ನ ಒಗಿಬ್ಯಾಡ, ಡಾಕ್ಯುಮೆಂಟ್ ಮಾಡಿ ಕಳಸು, ಇಲ್ಲಂದ್ರ ಸೈಜ್ ಬಿದ್ದ ಹೋಗ್ತೈತಿ.