ಅತ್ತಿಗೆ ತೆಗೆದ ಸ್ಕ್ರೀನ್‌ಶಾಟ್

ಉಡುಪಿ ಕಡೆಯವರಾದ, ಮಂಗಳೂರಿನಲ್ಲಿ ನೌಕರಿಯಲ್ಲಿರುವ 26 ವರ್ಷದ ಯುವತಿಯ ಪತ್ರ ನಾಲ್ಕು ದಿನಗಳಿಂದ ನನ್ನ ನಿದ್ದೆ ಕೆಡಿಸಿದೆ. ಕಾಲೇಜು ದಿನಗಳಲ್ಲಿ ಪರಿಚಿತನೊಬ್ಬ ಎಸಗಿದ ಅತ್ಯಾಚಾರವನ್ನು 6 ವರ್ಷ ಒಳಗೇ ಇಟ್ಟುಕೊಂಡಿದ್ದ ಅವರು, ಕಳೆದ ತಿಂಗಳು ಕಂಕನಾಡಿಯ ಪಿ.ಜಿ. ಕೋಣೆಯಲ್ಲಿ ರಾತ್ರಿ ಒಂದೂವರೆಗೆ ಕುಳಿತು, ಆತನ ಹೆಸರೆತ್ತದೆ, ಇನ್‌ಸ್ಟಾಗ್ರಾಂನಲ್ಲಿ ಅದನ್ನು ಬರೆದರು. ಬೆಳಿಗ್ಗೆ ಊರಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸು ಮೂಲ್ಕಿ ದಾಟುವಾಗ ಫೋನಿನಲ್ಲಿ ತಾಯಿಯ ಅಳು ಕೇಳಿ, ಕಂಬ ಹಿಡಿದು ನಿಂತಲ್ಲೇ ಅಳಿಸಿಹಾಕಿದರು. ಬರೆದದ್ದೇ ತಪ್ಪಾಯಿತೇ, ಮತ್ತೆ ಹಾಕಬಹುದೇ ಎಂದು ಕೇಳಿದ್ದಾರೆ.

ತಪ್ಪಲ್ಲ. ಇಷ್ಟು ವರ್ಷದ ಮೇಲೆ ಏಕೆ ಎನ್ನುವವರಿಗೆ, ಲೈಂಗಿಕ ಕಿರುಕುಳವನ್ನು ವರ್ಷಗಳ ನಂತರ ಹೇಳಿಕೊಂಡ ಪತ್ರಕರ್ತೆ ಪ್ರಿಯಾ ರಮಣಿಯವರನ್ನು, ಅವರು ಆರೋಪಿಸಿದ್ದ ಮಾಜಿ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಮಾನನಷ್ಟ ಮೊಕದ್ದಮೆಯಿಂದ 2021ರ ಫೆಬ್ರುವರಿ 17ರಂದು ಬಿಡುಗಡೆ ಮಾಡಿದ ದೆಹಲಿಯ ನ್ಯಾಯಾಲಯವೇ ಉತ್ತರ ಕೊಟ್ಟಿದೆ: ಹೆಣ್ಣು ತನ್ನ ನೋವನ್ನು ತಾನು ಆರಿಸಿದ ವೇದಿಕೆಯಲ್ಲಿ, ದಶಕಗಳ ನಂತರವೂ ಹೇಳಬಹುದು.

ಆದರೆ ತಂಗೀ, ಪತ್ರದ ಕೊನೆಯಲ್ಲಿ ಹೇಳಿಯೂ ಹೇಳದಂತೆ ನೀವು ಬರೆದ ಒಂದು ಸಾಲಿನಲ್ಲಿ ನಾನು ಸಿಕ್ಕಿಕೊಂಡಿದ್ದೇನೆ. ಒಬ್ಬೊಬ್ಬರನ್ನೇ ಆರಿಸಿ ನೀವು ಮಾಡಿಕೊಂಡಿದ್ದ ‘ಕ್ಲೋಸ್ ಫ್ರೆಂಡ್ಸ್’ ಪಟ್ಟಿಗೆ ಮಾತ್ರ ಕಾಣುವಂತಿದ್ದ ಬರಹವನ್ನು, ಆ ಪಟ್ಟಿಯಲ್ಲಿದ್ದ ಅತ್ತಿಗೆ ಸ್ಕ್ರೀನ್‌ಶಾಟ್ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು, “ಒಳ್ಳೆಯದಕ್ಕೇ ಇರಬೇಕು” ಎಂದಿದ್ದೀರಿ. ಇಲ್ಲ, ಅದರಲ್ಲಿ ನನಗೆ ಎಳ್ಳಷ್ಟೂ ಒಳ್ಳೆಯದು ಕಾಣುವುದಿಲ್ಲ. ನಿಮ್ಮ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಬಾಯಿಂದ ಕೇಳಬೇಕಾದದ್ದನ್ನು ಅವರು ಗುಂಪಿನಲ್ಲಿ ಓದಬೇಕಾಯಿತು.

ಅತ್ಯಾಚಾರಕ್ಕೊಳಗಾದವರ ಗುರುತನ್ನು ಪ್ರಕಟಿಸಿದರೆ 2 ವರ್ಷಗಳವರೆಗೆ ಜೈಲು ಎನ್ನುವ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ, ಅದಕ್ಕೆ ಅನುಮತಿ ಕೊಡುವ ಅಧಿಕಾರವನ್ನು ಸಂತ್ರಸ್ತೆಯ ಕೈಯಲ್ಲೇ ಇಟ್ಟಿದೆ, ಅದೂ ಲಿಖಿತವಾಗಿ. ಆಕೆ ತೀರಿಹೋಗಿದ್ದರೆ, ಅಪ್ರಾಪ್ತೆಯಾಗಿದ್ದರೆ ಅಥವಾ ಬುದ್ಧಿ ಸ್ವಾಧೀನದಲ್ಲಿಲ್ಲದಿದ್ದರೆ ಮಾತ್ರ ಆ ಅಧಿಕಾರ ಹತ್ತಿರದ ಬಂಧುಗಳಿಗೆ ಬರುತ್ತದೆ. ನೀವು ಬದುಕಿದ್ದೀರಿ, ಪ್ರಬುದ್ಧರಾಗಿದ್ದೀರಿ. ಅತ್ತಿಗೆ ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ಹೇಳುವವಳೇ ನಿರ್ಧರಿಸಬೇಕು ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ದೂರಿನ ಬಾಗಿಲು ಮುಚ್ಚಿಲ್ಲ. ಅತ್ಯಾಚಾರದ ದೂರಿಗೆ ಕಾಲಮಿತಿಯಿಲ್ಲ, ಮನಸ್ಸಾದ ದಿನ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಇಂದು ಮಾತ್ರ ಒಂದೇ ಕೆಲಸ ಮಾಡಿ. ಅದೇ ಗುಂಪಿನಲ್ಲಿ, ಎಲ್ಲರಿಗೂ ಕಾಣುವಂತೆ, “ಇದು ನಾನು ಬರೆದದ್ದು, ನನ್ನನ್ನು ಕೇಳದೆ ಇಲ್ಲಿಗೆ ತಂದಿದ್ದೀರಿ, ಎಲ್ಲರೂ ಅಳಿಸಿ” ಎಂದು ಅತ್ತಿಗೆಯ ಹೆಸರು ಹಿಡಿದು ಬರೆಯಿರಿ. ಅಣ್ಣ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮತ್ತೆ ಹಾಕುವುದಿದ್ದರೆ, ಮೊದಲು ಆ ಪಟ್ಟಿಯಿಂದ ಅತ್ತಿಗೆಯ ಹೆಸರು ತೆಗೆಯಿರಿ.