ಬಾಲಕ್ಕೆ ಕತ್ತರಿ: ಹಿಂಜರಿಯಬೇಕೆ?

ಡೊಂಬಿವಲಿಯ ಸಹೋದರಿಗೆ ನಮಸ್ಕಾರ.

ನಿಮ್ಮ ಲ್ಯಾಬ್ರಡಾರ್ ರಾಜನ ಬಾಲದ ತುದಿ ಲಿಫ್ಟಿನ ಜಾಲರಿ ಬಾಗಿಲಿಗೆ ಸಿಕ್ಕಿ ಮೂರು ವಾರವಾಯಿತು, ಗಾಯ ಮಾಯುತ್ತಿಲ್ಲ, ಡಾಕ್ಟರು ತುದಿ ತೆಗೆಯಬೇಕಾದೀತು ಅಂದಿದ್ದಾರೆ, ಅತ್ತೆಯವರು ಮಾತ್ರ ‘ಮೂಕಪ್ರಾಣಿಗೆ ಹಾಗೆ ಮಾಡಬೇಡಿ’ ಎಂದು ಪಟ್ಟು ಹಿಡಿದಿದ್ದಾರೆ ಎಂದು ಬರೆದಿದ್ದೀರಿ. ಅವರ ಕರುಳು ಅರ್ಥವಾಗುತ್ತದೆ. ಆದರೂ ನನ್ನ ಮಾತು ಇಷ್ಟೇ: ಡಾಕ್ಟರು ಬೇಕೇ ಬೇಕು ಅಂದರೆ ಮಾಡಿಸಿ, ತಡ ಮಾಡಬೇಡಿ.

ಬಾಲದ ತುದಿಯಲ್ಲಿ ಚರ್ಮ ತೆಳು, ಮಾಂಸ ಇಲ್ಲವೆನ್ನುವಷ್ಟು ಕಡಿಮೆ, ರಕ್ತ ಸಂಚಾರವೂ ಅಷ್ಟಕ್ಕಷ್ಟೆ. ನೀವು ಮನೆಗೆ ಬಂದ ಖುಷಿಗೆ ರಾಜ ಬಾಲ ಬೀಸುತ್ತಾನೆ, ಅದು ಕಪಾಟಿಗೆ ಬಡಿಯುತ್ತದೆ, ಕಟ್ಟಿದ ಹಕ್ಕಳೆ ಕಿತ್ತು ಬರುತ್ತದೆ. ಪ್ಯಾಸೇಜಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ರಕ್ತ ಸಿಡಿದ ಕಲೆ ಕಾಣುತ್ತದೆ ಅಂದಿರಲ್ಲ, ಕಾರಣ ಇದೇ. ಬ್ಯಾಂಡೇಜ್ ಸಡಿಲವಿದ್ದರೆ ಜಾರುತ್ತದೆ, ಬಿಗಿ ಮಾಡಿದರೆ ರಕ್ತ ನಿಂತು ತುದಿಯೇ ಕೊಳೆಯುತ್ತದೆ. ಮೇಲೆ ಮುಂಬಯಿಯ ಮಳೆ ಬೇರೆ. ಒದ್ದೆ ಬಟ್ಟೆಯೊಳಗೆ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲೇ ಹುಳ ಬೀಳಬಹುದು. ಕೆಟ್ಟ ವಾಸನೆ ಬಂದರೆ, ತುದಿ ಕಪ್ಪಾಗಿ ತಣ್ಣಗಾದರೆ ಅಂದೇ ತೋರಿಸಿ.

ನಡಿಗೆ ತಪ್ಪುತ್ತದೆಂಬ ಭಯ ಬೇಡ. ಬೆನ್ನುಹುರಿ ಬಾಲದ ತುದಿಯವರೆಗೆ ಬರುವುದಿಲ್ಲ. ತುದಿ ಹೋದರೂ ಸಾಕುನಾಯಿ ಓಡುತ್ತದೆ, ಮೆಟ್ಟಿಲು ಹತ್ತುತ್ತದೆ. ಚಿಂತಿಸಬೇಕಾದದ್ದು ಬಾಲದ ಬುಡ: ಬಾಗಿಲಿಗೆ ಸಿಕ್ಕ ಬಾಲವನ್ನು ರಾಜ ಗಾಬರಿಯಿಂದ ಎಳೆದುಕೊಂಡಾಗ ಅಲ್ಲಿನ ನರಕ್ಕೆ ಪೆಟ್ಟಾಗಿದ್ದರೆ ಮಲಮೂತ್ರದ ಹಿಡಿತ ತಪ್ಪಬಹುದು. ಇದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಚೆಂದಕ್ಕೆಂದು ಮರಿಗಳ ಬಾಲ ಕತ್ತರಿಸುವುದನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ. ಇದು ಅದಲ್ಲ, ನೋವು ನಿಲ್ಲಿಸುವ ಚಿಕಿತ್ಸೆ.

ಆಪರೇಷನ್ ಆದಮೇಲೆ ಹೊಲಿಗೆ ಬಿಚ್ಚುವ ತನಕ, ಸಾಮಾನ್ಯವಾಗಿ 10ರಿಂದ 14 ದಿನ, ಕೊರಳಿನ ಪ್ಲಾಸ್ಟಿಕ್ ಕೋನ್ ತೆಗೆಯಬೇಡಿ. ಪಾಪ ಅನಿಸುತ್ತದೆ, ಆದರೆ ಒಂದೇ ಸಲ ನೆಕ್ಕಿ ಕಚ್ಚಿದರೂ ಹೊಲಿಗೆ ಬಿಟ್ಟೀತು. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್ ಕೊಡಲೇಬೇಡಿ, ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡವೂ ಕೆಡುತ್ತದೆ.

ಇನ್ನೂ ಅನುಮಾನವಿದ್ದರೆ ಪರೇಲಿನ ಬಾಯಿ ಸಕರ್‌ಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಕೇಳಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಎಕ್ಸ್‌ರೇ ಹಿಡಿದು ಎಲ್ಲಿಂದ ಕತ್ತರಿಸುತ್ತಾರೆ, ಎಷ್ಟು ಉಳಿಯುತ್ತದೆ ಎಂದು ಡಾಕ್ಟರೇ ಅವರಿಗೆ ತೋರಿಸಲಿ.